ಸಭೆಯ ಬಾಗಿಲೂ ಸಭೆಯ ಕಾಗದವೂ: ಇಂಗ್ಲೆಂಡ್ ಮತ್ತು ವೇಲ್ಸಿನ ಸ್ಥಳೀಯ ಸಂಸ್ಥೆಗಳಲ್ಲಿ ಸಾರ್ವಜನಿಕ ಪ್ರವೇಶದ ಇತಿಹಾಸ (1835-1985)

1

ಪೌರಸಂಸ್ಥೆಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಮೂರು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಹೊರಡುವುದು ವಾಡಿಕೆ. ಮತಾಧಿಕಾರ ಯಾರಿಗಿದ್ದಿತು, ಸಂಸ್ಥೆಗೆ ಅಧಿಕಾರ ಎಷ್ಟಿದ್ದಿತು, ಹಣ ಎಲ್ಲಿಂದ ಬಂದಿತು ಎಂಬುವೇ ಆ ಪ್ರಶ್ನೆಗಳು. ಇವುಗಳ ಮಹತ್ತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಇವುಗಳೊಡನೆ ಕೇಳಬೇಕಾದ ನಾಲ್ಕನೆಯ ಪ್ರಶ್ನೆಯೊಂದುಂಟು. ಆಯ್ಕೆಯಾದವರು ಸಭೆ ಸೇರಿ ಏನನ್ನು ನಿರ್ಣಯಿಸಿದರು, ಯಾವ ಕಾಗದಪತ್ರಗಳನ್ನು ಆಧಾರವಾಗಿ ಇಟ್ಟುಕೊಂಡು ನಿರ್ಣಯಿಸಿದರು ಎಂಬುದನ್ನು ಅವರನ್ನು ಆಯ್ಕೆ ಮಾಡಿದ ಜನರು ತಿಳಿಯಲು ಸಾಧ್ಯವಿದ್ದಿತೆ? ಸಾಧ್ಯವಿದ್ದರೆ, ನಿರ್ಣಯವಾಗುವುದಕ್ಕೆ ಮೊದಲೋ, ಆದ ಮೇಲೆಯೋ?

ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಯನ್ನು ಇಂಗ್ಲೆಂಡ್ ಮತ್ತು ವೇಲ್ಸಿನ ಸ್ಥಳೀಯ ಸಂಸ್ಥೆಗಳಿಗೆ ಅನ್ವಯಿಸಿ, 1835ರಿಂದ 1985ರ ವರೆಗಿನ ಒಂದೂವರೆ ಶತಮಾನದ ಬೆಳವಣಿಗೆಯನ್ನು ಪರ್ಯಾಲೋಚಿಸಲಾಗಿದೆ. ಆ ದೇಶವನ್ನು ಆರಿಸಿಕೊಂಡುದಕ್ಕೆ ಕಾರಣವಿಷ್ಟೆ. ಭಾರತದ ಪೌರಶಾಸನಗಳಿಗೆ ಬಹುಮಟ್ಟಿಗೆ ಮಾದರಿಯಾದುದು ಅಲ್ಲಿಯ ವ್ಯವಸ್ಥೆ. ಪಾರ್ಲಿಮೆಂಟಿನ ತವರೆಂದು ಹೆಸರಾದ ಆ ದೇಶದಲ್ಲಿಯೂ ಸಾಮಾನ್ಯ ನಿವಾಸಿಗೆ ತನ್ನ ಊರಿನ ನಗರಸಭೆಯಲ್ಲಿ ಕುಳಿತು ಕೇಳುವ ಹಕ್ಕು 1960ರ ವರೆಗೆ ಇರಲಿಲ್ಲವೆಂಬುದು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಆಶ್ಚರ್ಯವನ್ನುಂಟುಮಾಡಬಹುದು. ಬಾಗಿಲು ತೆರೆದುದೇ ತಡವಾಯಿತು. ಬಾಗಿಲು ತೆರೆದ ಮೇಲೂ ಕಾಗದ ಕೈಗೆ ಬರಲು ಮತ್ತೆ ಕಾಲು ಶತಮಾನ ಹಿಡಿಯಿತು. ಇವೆರಡೂ ಬೇರೆ ಬೇರೆ ಹಕ್ಕುಗಳೆಂಬುದೂ, ಎರಡನೆಯದಿಲ್ಲದೆ ಮೊದಲನೆಯದು ಬಹುಮಟ್ಟಿಗೆ ನಿಷ್ಫಲವೆಂಬುದೂ ಈ ಇತಿಹಾಸದಿಂದ ತಿಳಿದುಬರುವ ಮುಖ್ಯ ಸಂಗತಿಗಳು.

2

1835ಕ್ಕೆ ಹಿಂದೆ ಇಂಗ್ಲೆಂಡಿನ ಪಟ್ಟಣಗಳ ಆಡಳಿತವು ರಾಜಸನ್ನದುಗಳ ಬಲದಿಂದ ಸ್ಥಾಪಿತವಾದ ಕಾರ್ಪೊರೇಷನ್ನುಗಳ ವಶದಲ್ಲಿದ್ದಿತು. ಇವುಗಳಲ್ಲಿ ಬಹುಸಂಖ್ಯೆಯವು ತಮ್ಮ ಸದಸ್ಯರನ್ನು ತಾವೇ ಆರಿಸಿಕೊಳ್ಳುವ ಮುಚ್ಚಿದ ಕೂಟಗಳಾಗಿದ್ದುವು. ಪಟ್ಟಣದ ಆಸ್ತಿಯನ್ನು ತಮ್ಮ ಖಾಸಗಿ ಆಸ್ತಿಯೆಂದೇ ಭಾವಿಸಿ ನಡೆಯುತ್ತಿದ್ದ ಇಂತಹ ಕೂಟಗಳು ಸಭೆಗಳನ್ನು ರಹಸ್ಯವಾಗಿ ನಡೆಸುತ್ತಿದ್ದುದರಲ್ಲಿ ವಿಶೇಷವೇನೂ ಇಲ್ಲ. ಇವುಗಳ ಸ್ಥಿತಿಗತಿಗಳನ್ನು ವಿಚಾರಿಸಲು ನೇಮಕವಾದ ರಾಜ ಆಯೋಗವು ತೀವ್ರ ಖಂಡನೆಯಿಂದ ಕೂಡಿದ ವರದಿಯನ್ನು ಒಪ್ಪಿಸಿದ ಮೇಲೆ, 1835ರ ಪೌರ ಕಾರ್ಪೊರೇಷನ್ ಶಾಸನವು ಜಾರಿಗೆ ಬಂದು, 178 ಪಟ್ಟಣಗಳಲ್ಲಿ ತೆರಿಗೆದಾರರಿಂದ ಚುನಾಯಿತವಾದ ಸಭೆಗಳು ಏರ್ಪಟ್ಟುವು.

ಈ ಶಾಸನದಲ್ಲಿ ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಸಭೆಯ ನಡವಳಿಗಳನ್ನು ಪುಸ್ತಕದಲ್ಲಿ ಬರೆದಿಡಬೇಕು. ಪಟ್ಟಣದ ಮತದಾರನು 1 ಷಿಲಿಂಗ್ ಶುಲ್ಕ ಕೊಟ್ಟು ಆ ಪುಸ್ತಕವನ್ನು ಯುಕ್ತವಾದ ವೇಳೆಯಲ್ಲಿ ನೋಡಬಹುದು ಎಂದು ಅದು ವಿಧಿಸಿತು. 1882ರ ಶಾಸನವು ಇದೇ ನಿಯಮವನ್ನು ಮುಂದುವರಿಸಿತು. 1933ರ ಸ್ಥಳೀಯ ಸರ್ಕಾರ ಶಾಸನದಲ್ಲಿಯೂ ಶುಲ್ಕವು 1 ಷಿಲಿಂಗನ್ನು ಮೀರಕೂಡದೆಂಬ ಮಿತಿಯೊಡನೆ ಅದು ಉಳಿದುಬಂದಿತು. ಹೀಗೆ ನೂರು ವರ್ಷಗಳ ಕಾಲ ಇಂಗ್ಲೆಂಡಿನ ನಿವಾಸಿಗೆ ತನ್ನ ನಗರಸಭೆಯ ವಿಷಯದಲ್ಲಿ ಇದ್ದ ತಿಳಿವಳಿಕೆಯ ಹಕ್ಕೆಂದರೆ ಮುಖ್ಯವಾಗಿ ಈ ನಡವಳಿ ಪುಸ್ತಕವೇ ಆಗಿದ್ದಿತು.

ಈ ಹಕ್ಕಿನ ಬೆಲೆಯನ್ನು ಅಳೆಯುವಾಗ ಮೂರು ವಿಷಯಗಳನ್ನು ನೆನಪಿನಲ್ಲಿಡಬೇಕು. ಮೊದಲನೆಯದಾಗಿ, ಹತ್ತೊಂಬತ್ತನೆಯ ಶತಮಾನದ ಕೂಲಿಕಾರನಿಗೆ 1 ಷಿಲಿಂಗ್ ಅಲ್ಪ ಮೊತ್ತವಾಗಿರಲಿಲ್ಲ. ಎರಡನೆಯದಾಗಿ, ನಡವಳಿಯು ಆದ ನಿರ್ಣಯದ ದಾಖಲೆ. ಅದನ್ನು ಓದುವ ವೇಳೆಗೆ ಗುತ್ತಿಗೆ ಕೊಟ್ಟಾಗಿರುತ್ತದೆ, ಬೀದಿ ಅಗೆದಾಗಿರುತ್ತದೆ. ಮೂರನೆಯದಾಗಿ, ಹಾಗೆ ಬರೆದ ನಡವಳಿಯು ಬಹಳ ಸಂಕ್ಷಿಪ್ತ. ಸಮಿತಿಯ ಶಿಫಾರಸನ್ನು ಅಂಗೀಕರಿಸಲಾಯಿತು ಎಂಬ ಒಂದು ಸಾಲಿನಿಂದ, ಆ ಶಿಫಾರಸು ಏನು, ಇಂಜಿನಿಯರು ಅದಕ್ಕೆ ಒಪ್ಪಿದ್ದನೆ, ಬೇರೆ ದರಪಟ್ಟಿಗಳು ಬಂದಿದ್ದುವೆ ಎಂಬುದಾವುದೂ ತಿಳಿಯದು. ನಿಜವಾದ ಚರ್ಚೆ ನಡೆಯುತ್ತಿದ್ದುದು ಸಮಿತಿಗಳಲ್ಲಿ. ಅವುಗಳ ವರದಿಗಳು ಸಾಮಾನ್ಯ ನಿವಾಸಿಯ ಕಣ್ಣಿಗೆ ಬೀಳುವ ಸಂಭವ ಕಡಮೆ.

3

ಇನ್ನು ಬಾಗಿಲಿನ ವಿಚಾರ. ಹತ್ತೊಂಬತ್ತನೆಯ ಶತಮಾನದಲ್ಲಿ ಅನೇಕ ನಗರಸಭೆಗಳು ಪತ್ರಿಕೆಯ ವರದಿಗಾರರನ್ನು ಸಭೆಗೆ ಬರಗೊಡುತ್ತಿದ್ದುವು. ಊರ ಪತ್ರಿಕೆಗಳು ಸಭೆಯ ಭಾಷಣಗಳನ್ನು ಅಂಕಣಗಟ್ಟಲೆ ಅಚ್ಚುಮಾಡುತ್ತಿದ್ದುವು. ಇದನ್ನು ಕಂಡು ವರದಿಗಾರನಿಗೆ ಹಕ್ಕಿದೆಯೆಂದೇ ಜನರು ತಿಳಿದಿದ್ದರೆ ಅದು ಸಹಜವೇ. ಆದರೆ ವಾಡಿಕೆ ಬೇರೆ, ಹಕ್ಕು ಬೇರೆ. ಈ ಭೇದವು ಸ್ಪಷ್ಟವಾದುದು ವೇಲ್ಸಿನ ಕಡಲತೀರದ ಟೆಂಬಿ ಎಂಬ ಸಣ್ಣ ಪಟ್ಟಣದಲ್ಲಿ.

ಟೆಂಬಿ ಅಬ್ಸರ್ವರ್ ಎಂಬ ಪತ್ರಿಕೆಯ ಸಂಪಾದಕರಾಗಿದ್ದ ಫ್ರಾಂಕ್ ಮೇಸನ್ನರು ನಗರಸಭೆಯ ವ್ಯವಹಾರಗಳನ್ನು ವರದಿಮಾಡುವುದರೊಡನೆ ಟೀಕಿಸುತ್ತಲೂ ಇದ್ದರು. ಸಭೆಯವರಿಗೆ ಇದು ಸಹ್ಯವಾಗಲಿಲ್ಲ. ಅವರನ್ನು ಸಭೆಗೆ ಬರಗೊಡಬಾರದೆಂದು ಸಭೆಯು ನಿರ್ಣಯಿಸಿತು. ಮೇಸನ್ನರು ಮಣಿಯದಿರಲು, ನಗರಸಭೆಯು ನ್ಯಾಯಾಲಯಕ್ಕೆ ಹೋಗಿ ಅವರ ವಿರುದ್ಧ ತಡೆಯಾಜ್ಞೆಯನ್ನು ಪಡೆಯಿತು. 1908ರಲ್ಲಿ ಮೇಲ್ಮನವಿ ನ್ಯಾಯಾಲಯವು ಈ ಆಜ್ಞೆಯನ್ನು ಎತ್ತಿಹಿಡಿಯಿತು. ನಗರಸಭೆಯ ಅಧಿವೇಶನಕ್ಕೆ ಬರುವ ಹಕ್ಕು ಪತ್ರಿಕೆಯವರಿಗಾಗಲಿ, ತೆರಿಗೆ ಕೊಡುವ ಪುರನಿವಾಸಿಗಾಗಲಿ ಇಲ್ಲ; ಸಭೆಯ ಅನುಮತಿಯಿಂದ ಮಾತ್ರ ಹೊರಗಿನವನು ಒಳಗೆ ಕುಳಿತಿರಬಹುದು ಎಂಬುದೇ ಆ ತೀರ್ಪಿನ ಸಾರಾಂಶ.

ಕಾನೂನಿನ ದೃಷ್ಟಿಯಿಂದ ಈ ತೀರ್ಪನ್ನು ಆಕ್ಷೇಪಿಸುವುದು ಕಷ್ಟ. ಹಕ್ಕನ್ನು ಕೊಟ್ಟ ಶಾಸನವೇ ಇರಲಿಲ್ಲವಷ್ಟೆ. ಆದರೆ ಅದರ ಪರಿಣಾಮವನ್ನು ಯೋಚಿಸಿದರೆ ಆಗಿನ ಪತ್ರಿಕಾಲೋಕಕ್ಕೆ ಏಕೆ ಗಾಬರಿಯಾಯಿತೆಂಬುದು ತಿಳಿಯುತ್ತದೆ. ಹೊಗಳುವ ವರದಿಗಾರನಿಗೆ ಆಸನ, ತೆಗಳುವವನಿಗೆ ಹೊರಬಾಗಿಲು ಎಂಬ ನೀತಿಗೆ ಇನ್ನು ಯಾವ ಅಡ್ಡಿಯೂ ಉಳಿಯಲಿಲ್ಲ. ಒಂದು ಚಿಕ್ಕ ಪಟ್ಟಣದ ಜಗಳವು ಹೀಗೆ ದೇಶದ ಪ್ರಶ್ನೆಯಾಯಿತು. ಅದೇ ವರ್ಷ ಪಾರ್ಲಿಮೆಂಟು ಸ್ಥಳೀಯ ಸಂಸ್ಥೆಗಳ ಸಭೆಗೆ ಪತ್ರಿಕೆಗಳ ಪ್ರವೇಶದ ಬಗ್ಗೆ ಒಂದು ಶಾಸನವನ್ನು ಮಾಡಿತು.

4

1908ರ ಶಾಸನವು ಒಂದು ಹೆಜ್ಜೆ ಮುಂದಿಟ್ಟಿತೆಂಬುದು ನಿರ್ವಿವಾದ. ಇನ್ನು ಮುಂದೆ ಪತ್ರಿಕೆಯ ಪ್ರತಿನಿಧಿಗಳಿಗೆ ಸಭೆಯಲ್ಲಿ ಕುಳಿತುಕೊಳ್ಳುವ ಹಕ್ಕು ಬಂದಿತು. ಚರ್ಚಿತವಾಗುವ ವಿಷಯದ ವಿಶೇಷ ಸ್ವರೂಪದ ದೃಷ್ಟಿಯಿಂದ ಸಾರ್ವಜನಿಕ ಹಿತಕ್ಕೆ ಅಗತ್ಯವೆಂದು ತೋರಿದಾಗ, ಹಾಜರಿದ್ದ ಸದಸ್ಯರ ಬಹುಮತದಿಂದ ಅವರನ್ನು ತಾತ್ಕಾಲಿಕವಾಗಿ ಹೊರಗೆ ಕಳುಹಿಸಬಹುದಾಗಿದ್ದಿತು.

ಆದರೆ ಈ ಶಾಸನದ ಕೊರತೆಗಳು ಅದರ ಗುಣಗಳಷ್ಟೇ ಬೋಧಪ್ರದವಾದುವು. ಪ್ರವೇಶ ದೊರೆತುದು ಪತ್ರಿಕೆಯವರಿಗೆ ಮಾತ್ರ. ತೆರಿಗೆದಾರನು ಟೆಂಬಿಯ ತೀರ್ಪು ಬಿಟ್ಟಲ್ಲಿಯೇ ನಿಂತಿದ್ದನು. ವರದಿಗಾರನಿಗೆ ಕಾರ್ಯಸೂಚಿಯನ್ನು ಕೊಡಬೇಕೆಂಬ ವಿಧಿಯೂ ಇರಲಿಲ್ಲ. ಎಲ್ಲಕ್ಕಿಂತ ಮಿಗಿಲಾದ ಕೊರತೆಯೆಂದರೆ, ವಿದ್ಯಾಸಮಿತಿಗಳ ಕೆಲವು ಕಲಾಪಗಳನ್ನು ಬಿಟ್ಟು, ಸಮಿತಿಗಳು ಶಾಸನದ ವ್ಯಾಪ್ತಿಗೆ ಒಳಪಡಲಿಲ್ಲ.

ಇಲ್ಲಿ ನಗರಸಭೆಗಳು ಕಂಡುಕೊಂಡ ಉಪಾಯವು ಸರಳವಾದುದು. ಸಭೆಯ ಸರ್ವಸದಸ್ಯರೂ ಸೇರಿ, ನಾವೀಗ ಸಭೆಯಲ್ಲ, ಸಮಗ್ರ ಸಭೆಯ ಸಮಿತಿ ಎಂದು ನಿರ್ಣಯಿಸಿಕೊಂಡರೆ ಸಾಕು. ಅದೇ ಕೋಣೆ, ಅದೇ ಕುರ್ಚಿಗಳು, ಅದೇ ಜನ. ವರದಿಗಾರ ಮಾತ್ರ ಹೊರಗೆ. ಕಾನೂನು ಚಾಪೆಯ ಕೆಳಗೆ ತೂರಿದರೆ ಅದನ್ನು ತಪ್ಪಿಸಿಕೊಳ್ಳುವವನು ರಂಗೋಲಿಯ ಕೆಳಗೆ ತೂರುತ್ತಾನೆಂಬ ನಮ್ಮ ಮಾತು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಈ ಕಿಂಡಿಯನ್ನು ಮುಚ್ಚುವವರಿರಲಿಲ್ಲ.

5

1959ರ ಬೇಸಗೆಯಲ್ಲಿ ಇಂಗ್ಲೆಂಡಿನ ಮುದ್ರಣಾಲಯಗಳಲ್ಲಿ ದೊಡ್ಡ ಮುಷ್ಕರವೊಂದು ನಡೆಯಿತು. ಮುಷ್ಕರದ ಕಾಲದಲ್ಲಿಯೂ ಹೇಗೋ ಪತ್ರಿಕೆಗಳನ್ನು ಹೊರಡಿಸಿದ ಮಾಲಿಕರ ವಿರುದ್ಧ ಪ್ರತಿಭಟನೆಯಾಗಿ, ನಾಟಿಂಗ್‌ಹ್ಯಾಮ್ ಮೊದಲಾದೆಡೆಗಳಲ್ಲಿ ಕಾರ್ಮಿಕ ಪಕ್ಷದ ಬಹುಮತವಿದ್ದ ನಗರಸಭೆಗಳು ಆ ಪತ್ರಿಕೆಗಳ ವರದಿಗಾರರಿಗೆ ಸೌಕರ್ಯಗಳನ್ನು ನಿರಾಕರಿಸಿದುವು. ಕಾರ್ಮಿಕರ ಪರವಾದ ಸಹಾನುಭೂತಿಯು ಅರ್ಥವಾಗತಕ್ಕದ್ದೇ. ಆದರೆ ಸಭೆಯ ಸುದ್ದಿಯು ಸಭೆಯ ಸ್ವತ್ತು, ತನಗೆ ಬೇಕಾದವರಿಗೆ ಕೊಡಬಹುದು ಎಂಬ ಭಾವನೆಯು ಟೆಂಬಿಯ ಕಾಲದಿಂದ ಬದಲಾಗಿರಲಿಲ್ಲವೆಂಬುದನ್ನು ಈ ಘಟನೆಯು ತೋರಿಸಿತು. ಟೆಂಬಿಯಲ್ಲಿ ಕಾರಣ ಟೀಕೆ. ಇಲ್ಲಿ ಕಾರಣ ಮುಷ್ಕರ. ಹಿಡಿದ ದಾರಿ ಒಂದೇ.

ಆ ವರ್ಷದ ಅಕ್ಟೋಬರಿನ ಮಹಾಚುನಾವಣೆಯಲ್ಲಿ ಫಿಂಚ್ಲಿ ಕ್ಷೇತ್ರದಿಂದ ಮೊದಲ ಬಾರಿಗೆ ಆಯ್ಕೆಯಾದ ಮಾರ್ಗರೆಟ್ ಥ್ಯಾಚರ್ ಅವರಿಗೆ ಖಾಸಗಿ ಸದಸ್ಯರ ಮಸೂದೆಗಳ ಚೀಟಿಯೆತ್ತುವಿಕೆಯಲ್ಲಿ ಮುಂದಿನ ಸ್ಥಾನ ದೊರೆಯಿತು. ಸಾರ್ವಜನಿಕ ಸಂಸ್ಥೆಗಳ ಸಭಾಪ್ರವೇಶದ ಮಸೂದೆಯನ್ನು ಅವರು ಆರಿಸಿಕೊಂಡರು. ಫೆಬ್ರವರಿ 5, 1960ರಂದು ಅದರ ಎರಡನೆಯ ವಾಚನವನ್ನು ಸೂಚಿಸಿ ಮಾಡಿದ ಭಾಷಣವೇ ಕಾಮನ್ಸ್ ಸಭೆಯಲ್ಲಿ ಅವರ ಪ್ರಥಮ ಭಾಷಣವಾಯಿತು. ಟೆಂಬಿಯ ಮೊಕದ್ದಮೆಯನ್ನು ಅವರು ಅಲ್ಲಿ ಉಲ್ಲೇಖಿಸಿದರು. ಇಂಗ್ಲೆಂಡ್ ಮತ್ತು ವೇಲ್ಸಿನ ಸ್ಥಳೀಯ ಸಂಸ್ಥೆಗಳು ವರ್ಷಕ್ಕೆ 140 ಕೋಟಿ ಪೌಂಡುಗಳನ್ನು ವೆಚ್ಚಮಾಡುತ್ತಿರುವಾಗ, ಹಣ ಕೊಟ್ಟವರಿಗೆ ಅದರ ವಿನಿಯೋಗವನ್ನು ತಿಳಿಯುವ ಹಕ್ಕು ಬೇಡವೆ ಎಂಬುದು ಅವರ ವಾದದ ತಿರುಳು. ಮಸೂದೆಯು 39ರ ವಿರುದ್ಧ 152 ಮತಗಳಿಂದ ಮುಂದಿನ ಹಂತಕ್ಕೆ ಸಾಗಿ, ಅಕ್ಟೋಬರ್ 27, 1960ರಂದು ರಾಣಿಯ ಅಂಕಿತವನ್ನು ಪಡೆಯಿತು.

ಈ ಶಾಸನದಿಂದ ನಾಲ್ಕು ಸುಧಾರಣೆಗಳಾದುವು. ಮೊದಲನೆಯದು, ಸಭೆಗೆ ಬರುವ ಹಕ್ಕು ಪತ್ರಿಕೆಯವರೊಡನೆ ಸಾರ್ವಜನಿಕರೆಲ್ಲರಿಗೂ ಬಂದಿತು. ಎರಡನೆಯದು, ಸರ್ವಸದಸ್ಯರನ್ನೂ ಒಳಗೊಂಡ ಸಮಿತಿಗೂ ಅದೇ ನಿಯಮ ಅನ್ವಯಿಸಿದುದರಿಂದ ಮೇಲೆ ಹೇಳಿದ ಕಿಂಡಿ ಮುಚ್ಚಿತು. ಮೂರನೆಯದು, ಜನರನ್ನು ಹೊರಗೆ ಕಳುಹಿಸುವಾಗ ಬರಿಯ ಬಹುಮತ ಸಾಲದಾಯಿತು. ವಿಷಯವು ಗೋಪ್ಯವೆಂದೋ ಇನ್ನಾವ ವಿಶೇಷ ಕಾರಣವಿದೆಯೆಂದೋ ನಿರ್ಣಯದಲ್ಲಿ ಹೇಳಬೇಕಾಯಿತು. ನಾಲ್ಕನೆಯದು ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದುದು. ಸಭೆಯ ಕಾಲ ಮತ್ತು ಸ್ಥಳದ ಸೂಚನೆಯನ್ನು ಮೂರು ಪೂರ್ಣ ದಿನಗಳ ಮೊದಲು ಕಚೇರಿಯಲ್ಲಿ ಅಂಟಿಸಬೇಕು. ಕೇಳಿದ ಪತ್ರಿಕೆಗೆ, ಅಂಚೆವೆಚ್ಚ ಕೊಟ್ಟರೆ, ಸದಸ್ಯರಿಗೆ ಕಳುಹಿಸಿದ ಕಾರ್ಯಸೂಚಿಯ ಪ್ರತಿಯನ್ನೂ ವಿಷಯಗಳ ಸ್ವರೂಪ ತಿಳಿಯುವಷ್ಟು ವಿವರಗಳನ್ನೂ ಕಳುಹಿಸಬೇಕು.

ಸಭೆಗೆ ಮುಂಚಿತವಾಗಿ ಸಭೆಯ ಕಾಗದವು ಹೊರಗಿನವನ ಕೈಗೆ ಹಕ್ಕಾಗಿ ಬಂದುದು ಇಲ್ಲಿಂದ ಮೊದಲು. ಆದರೂ ಅದು ಪತ್ರಿಕೆಯ ಕೈಗೆ ಮಾತ್ರ. ಸಾಮಾನ್ಯ ನಿವಾಸಿಯು ಗ್ಯಾಲರಿಯಲ್ಲಿ ಬರಿಗೈಯಲ್ಲಿ ಕುಳಿತಿರಬೇಕಾಗಿದ್ದಿತು. ಅಧ್ಯಕ್ಷರು ಏಳನೆಯ ವಿಷಯ ಎಂದಾಗ, ಸದಸ್ಯರು ಒಪ್ಪಿಗೆ ಎಂದಾಗ, ಒಪ್ಪಿದುದೇನೆಂಬುದು ಅವನಿಗೆ ತಿಳಿಯುತ್ತಿರಲಿಲ್ಲ. ಕಣ್ಣಿಗೆ ಕಾಣುವಂತೆ ನಡೆದ ಮಾತ್ರಕ್ಕೆ ಯಾವ ವ್ಯವಹಾರವೂ ಬಹಿರಂಗವಾದಂತಲ್ಲ.

6

ಮುಂದಿನ ಹೆಜ್ಜೆಯನ್ನು 1972ರ ಸ್ಥಳೀಯ ಸರ್ಕಾರ ಶಾಸನವು ಇಟ್ಟಿತು. 1974ರ ಏಪ್ರಿಲ್‌ನಲ್ಲಿ ಹೊಸ ಸ್ಥಳೀಯ ಸಂಸ್ಥೆಗಳು ಕಾರ್ಯಾರಂಭ ಮಾಡಿದಾಗ ಅವುಗಳ ಎಲ್ಲ ಸಮಿತಿಗಳ ಸಭೆಗಳೂ ಸಾರ್ವಜನಿಕರಿಗೆ ತೆರೆದಿರಬೇಕಾಯಿತು. ಉಪಸಮಿತಿಗಳು ಮಾತ್ರ ಹೊರಗುಳಿದುವು. ಚರ್ಚೆಯು ಸಮಿತಿಯಿಂದ ಉಪಸಮಿತಿಗೆ ಸರಿಯಲು ಅವಕಾಶ ಉಳಿಯಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಬಾಗಿಲು ತೆರೆದಿರಬೇಕು ಎಂದಮಾತ್ರಕ್ಕೆ ಒಳಗೆ ಸ್ಥಳವೂ ಇರಬೇಕಷ್ಟೆ. 1975ರಲ್ಲಿ ಲಿವರ್‌ಪೂಲಿನ ಟ್ಯಾಕ್ಸಿ ಮಾಲಿಕರ ಸಂಘವು ನಗರಸಭೆಯ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ಈ ಪ್ರಶ್ನೆ ಎದ್ದಿತು. ಟ್ಯಾಕ್ಸಿ ಪರವಾನಗಿಗಳ ವಿಷಯ ಚರ್ಚೆಯಾಗುತ್ತಿದ್ದ ಸಮಿತಿಯ ಕೋಣೆಯಲ್ಲಿ ಸ್ಥಳ ಸಾಲದೆಂದು ಸಾರ್ವಜನಿಕರನ್ನು ಹೊರಗಿಡಲಾಗಿದ್ದಿತು. ಸಮಿತಿಯು ಯುಕ್ತಾಯುಕ್ತವನ್ನು ಯೋಚಿಸಿ ನಡೆದಿದೆಯೆಂದು ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಆದರೆ ಜನರನ್ನು ತಪ್ಪಿಸುವ ಉದ್ದೇಶದಿಂದಲೇ ಕಿರುಕೋಣೆಯನ್ನು ಆರಿಸಿದರೆ ಅದು ಸಲ್ಲದೆಂಬ ತತ್ತ್ವವೂ ಆ ವಿಚಾರಣೆಯಿಂದ ಸ್ಪಷ್ಟವಾಯಿತು.

ಕಾಗದದ ಹಕ್ಕು ಪೂರ್ಣರೂಪದಲ್ಲಿ ಬಂದುದು 1985ರಲ್ಲಿ. ರಾಬಿನ್ ಸ್ಕ್ವೈರ್ ಎಂಬ ಸದಸ್ಯರು ತಂದ ಖಾಸಗಿ ಮಸೂದೆಯು ಸ್ಥಳೀಯ ಸರ್ಕಾರ ಮಾಹಿತಿ ಪ್ರವೇಶ ಶಾಸನವೆಂಬ ಹೆಸರಿನಿಂದ ಅಂಗೀಕೃತವಾಗಿ 1986ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. 1908, 1960, 1985ರ ಈ ಮೂರು ಶಾಸನಗಳಲ್ಲಿ ಕಡೆಯ ಎರಡೂ ಸರ್ಕಾರದ ಮಸೂದೆಗಳಾಗಿರದೆ ಖಾಸಗಿ ಸದಸ್ಯರ ಮಸೂದೆಗಳಾಗಿದ್ದುವೆಂಬುದು ಗಮನಾರ್ಹ. ಆಡಳಿತ ನಡೆಸುವವರು ಇಂತಹ ಕಾನೂನನ್ನು ತಾವಾಗಿ ತರಲು ಆತುರಪಡುವುದಿಲ್ಲವೆಂಬ ಊಹೆಗೆ ಇದು ಅವಕಾಶ ಕೊಡುತ್ತದೆ.

1985ರ ಶಾಸನದ ಮುಖ್ಯ ವಿಧಿಗಳನ್ನು ಹೀಗೆ ಸಂಗ್ರಹಿಸಬಹುದು. ಉಪಸಮಿತಿಗಳೂ ಅದರ ವ್ಯಾಪ್ತಿಗೆ ಬಂದುವು. ಕಾರ್ಯಸೂಚಿ ಮತ್ತು ಅಧಿಕಾರಿಗಳು ಸಭೆಗೆ ಒಪ್ಪಿಸುವ ವರದಿಗಳು ಸಭೆಗೆ ಮೂರು ಪೂರ್ಣ ದಿನಗಳ ಮೊದಲೇ ಯಾರು ಬೇಕಾದರೂ ನೋಡುವಂತೆ ಕಚೇರಿಯಲ್ಲಿರಬೇಕಾಯಿತು. ಸಭೆಗೆ ಬಂದವರ ಉಪಯೋಗಕ್ಕೆ ಅವುಗಳ ಸಾಕಷ್ಟು ಪ್ರತಿಗಳನ್ನು ಸಭಾಸ್ಥಳದಲ್ಲಿಯೇ ಇಡಬೇಕಾಯಿತು. ಸಭೆಯಾದ ಮೇಲೆ ನಡವಳಿ, ಕಾರ್ಯಸೂಚಿ, ವರದಿ ಇವು ಆರು ವರ್ಷಗಳ ಕಾಲ ನೋಡಲು ದೊರೆಯಬೇಕು. ವರದಿಯನ್ನು ಬರೆಯುವಾಗ ಅಧಿಕಾರಿಯು ಯಾವ ಮೂಲಪತ್ರಗಳನ್ನು ಬಹುಮಟ್ಟಿಗೆ ಅವಲಂಬಿಸಿದನೋ ಅವುಗಳ ಪಟ್ಟಿಯನ್ನು ವರದಿಯ ಜೊತೆಗೆ ಕೊಡಬೇಕು. ಆ ಮೂಲಪತ್ರಗಳೂ ನಾಲ್ಕು ವರ್ಷ ಪರಿಶೀಲನೆಗೆ ದೊರೆಯಬೇಕು. ಮುಚ್ಚಿಡಬಹುದಾದ ವಿಷಯಗಳಾವುವೆಂಬುದನ್ನು ಅನುಸೂಚಿಯೊಂದರಲ್ಲಿ ಎಣಿಸಿ ಹೇಳಲಾಯಿತು. ಗೋಪ್ಯವೆಂಬ ಒಂದು ಪದವನ್ನು ಮುಂದೊಡ್ಡಿ ಎಲ್ಲವನ್ನೂ ಮುಚ್ಚುವ ಅವಕಾಶವು ಇದರಿಂದ ಬಹುಮಟ್ಟಿಗೆ ಕುಗ್ಗಿತು. ತೋರಿಸಬೇಕಾದ ಪತ್ರವನ್ನು ಕಾರಣವಿಲ್ಲದೆ ತಡೆದ ನೌಕರನು ದಂಡಕ್ಕೆ ಗುರಿಯಾಗುವಂತಾಯಿತು.

ಇದನ್ನು 1835ರ ವಿಧಿಯೊಡನೆ ಹೋಲಿಸಿದರೆ ಅಂತರವು ಗೋಚರಿಸುತ್ತದೆ. ಅಂದು ನಿವಾಸಿಗೆ ದೊರೆಯುತ್ತಿದ್ದುದು ಮುಗಿದ ಕೆಲಸದ ಒಂದು ಸಾಲು. ಇಂದು ಆಗಲಿರುವ ಕೆಲಸದ ಕಾರಣ, ಆ ಕಾರಣದ ಆಧಾರ. ನಿರ್ಣಯವಾಗುವುದಕ್ಕೆ ಮುಂಚಿನ ಮೂರು ದಿನಗಳಲ್ಲಿ ಓದಿ, ತನ್ನ ಪ್ರತಿನಿಧಿಯನ್ನು ಕಂಡು, ಈ ಅಂದಾಜು ತಪ್ಪು ಎಂದು ಹೇಳಲು ಅವನಿಗೆ ಅವಕಾಶವಾಯಿತು. ಆ ಅವಧಿಯನ್ನು ಇಂಗ್ಲೆಂಡಿನಲ್ಲಿ 2002ರಲ್ಲಿ ಐದು ದಿನಗಳಿಗೆ ಏರಿಸಲಾಯಿತು.

7

ತೆರೆದ ಸಭೆಯ ವಿರುದ್ಧ ಹೂಡಲಾದ ವಾದಗಳೆಲ್ಲವೂ ಸ್ವಾರ್ಥದಿಂದ ಹುಟ್ಟಿದುವೆಂದು ಹೇಳುವುದು ಇತಿಹಾಸಕಾರನಿಗೆ ಸಲ್ಲದು. ನಗರಸಭೆಯು ಹೊಸ ರಸ್ತೆಗೆ ಯಾವ ಜಮೀನನ್ನು ಕೊಳ್ಳಲಿದೆಯೆಂಬುದು ಮೊದಲೇ ಹೊರಬಿದ್ದರೆ ಅದರ ಬೆಲೆ ಏರುತ್ತದೆ. ಆ ಹೆಚ್ಚಳವನ್ನು ತೆರಿಗೆದಾರನೇ ತೆರಬೇಕು. ಬಾಡಿಗೆ ಉಳಿಸಿಕೊಂಡ ಬಡವನ ಹೆಸರನ್ನು ಊರೆಲ್ಲ ಓದುವಂತಾಗಬಾರದು. ನೌಕರನ ಮೇಲಿನ ದೂರು ರುಜುವಾತಾಗುವ ಮುನ್ನ ಬೀದಿಯ ಮಾತಾಗಬಾರದು. 1985ರ ಅನುಸೂಚಿಯಲ್ಲಿ ಇಂತಹ ವಿಷಯಗಳಿಗೆ ಸ್ಥಾನ ದೊರೆತುದು ನ್ಯಾಯವೇ ಆಗಿದೆ.

ಇದಕ್ಕಿಂತ ಗಂಭೀರವಾದ ಆಕ್ಷೇಪವು ಮತ್ತೊಂದು. ಬೆಳಕು ಬಿದ್ದ ಕೋಣೆಯಿಂದ ಚರ್ಚೆಯು ಕತ್ತಲೆಯ ಕೋಣೆಗೆ ಹೋಗುತ್ತದೆ ಎಂಬುದು ಅದರ ಸಾರ. ಇದರಲ್ಲಿ ಸತ್ಯಾಂಶವಿದೆ. ಬಹುಮತದ ಪಕ್ಷದ ಸದಸ್ಯರು ಸಭೆಗೆ ಮೊದಲು ತಾವಷ್ಟೇ ಸೇರಿ ಹೇಗೆ ಮತ ಹಾಕಬೇಕೆಂದು ಗೊತ್ತುಮಾಡಿಕೊಳ್ಳುವ ಪಕ್ಷಸಭೆಗಳಿಗೆ ಈ ಯಾವ ಶಾಸನವೂ ತಗಲುವುದಿಲ್ಲ. 2000ದ ಸ್ಥಳೀಯ ಸರ್ಕಾರ ಶಾಸನವು ಅನೇಕ ಅಧಿಕಾರಗಳನ್ನು ಸಮಿತಿಗಳಿಂದ ತೆಗೆದು ಸಚಿವಸಂಪುಟವನ್ನು ಹೋಲುವ ಸಣ್ಣ ಮಂಡಲಿಗಳಿಗೆ ವಹಿಸಿದಾಗ, ಅವುಗಳಿಗಾಗಿ ಪ್ರತ್ಯೇಕ ನಿಯಮಗಳನ್ನು ರಚಿಸಬೇಕಾಗಿ ಬಂದಿತು. ಅಮೆರಿಕದ ಅನುಭವವೂ ಇಂತಹುದೇ. ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ ಸ್ಥಳೀಯ ಮಂಡಲಿಗಳ ರಹಸ್ಯಸಭೆಗಳನ್ನು ಕುರಿತು ಪತ್ರಿಕೆಯೊಂದು 1952ರಲ್ಲಿ ಪ್ರಕಟಿಸಿದ ಲೇಖನಮಾಲೆಯ ಪರಿಣಾಮವಾಗಿ 1953ರಲ್ಲಿ ಬ್ರೌನ್ ಶಾಸನವು ಹುಟ್ಟಿತು. ಸಭೆಗೆ 72 ಗಂಟೆಗಳ ಮೊದಲು ಕಾರ್ಯಸೂಚಿಯನ್ನು ಪ್ರಕಟಿಸಬೇಕೆಂಬ ವಿಧಿಯು ಅದಕ್ಕೆ ಸೇರಲು 1986 ಆಗಬೇಕಾಯಿತು. ಅಲ್ಲಿಯೂ ಬಾಗಿಲು ಮೊದಲು, ಕಾಗದ ಅನಂತರ.

ಆದರೆ ಈ ಆಕ್ಷೇಪದಿಂದ ಶಾಸನ ವ್ಯರ್ಥವೆಂಬ ನಿರ್ಣಯವು ಹೊರಡುವುದಿಲ್ಲ. ಪಕ್ಷಸಭೆಯಲ್ಲಿ ಏನೇ ಗೊತ್ತಾಗಿರಲಿ, ಅಧಿಕಾರಿಯ ವರದಿಯು ಸಾರ್ವಜನಿಕವಾಗಿದ್ದರೆ ಅದಕ್ಕೆ ವಿರುದ್ಧವಾಗಿ ಮತ ಹಾಕಿದವನು ಕಾರಣ ಹೇಳಬೇಕಾಗುತ್ತದೆ. ಹಾಗೆ ಹೇಳದಿದ್ದರೆ ಆ ಮೌನವೂ ದಾಖಲೆಗೆ ಸೇರುತ್ತದೆ. ಕಾಗದದ ಹಕ್ಕಿನ ನಿಜವಾದ ಬಲವಿರುವುದು ಇಲ್ಲಿಯೇ.

8

ಇನ್ನು ನಮ್ಮ ದೇಶದ ಕಡೆಗೆ ದೃಷ್ಟಿಯನ್ನು ತಿರುಗಿಸಬಹುದು. ಮುಂಬಯಿ ಮಹಾನಗರಪಾಲಿಕೆಯ 1888ರ ಶಾಸನದಲ್ಲಿ, ಪಾಲಿಕೆಯ ಸಭೆಗಳು ಸಾರ್ವಜನಿಕರಿಗೆ ತೆರೆದಿರತಕ್ಕದ್ದು, ಹಾಜರಿದ್ದ ಸದಸ್ಯರ ಬಹುಮತವು ಒಂದು ವಿಷಯವನ್ನು ಖಾಸಗಿಯಾಗಿ ಚರ್ಚಿಸಬೇಕೆಂದು ನಿರ್ಣಯಿಸಿದಾಗ ಮಾತ್ರ ಇದಕ್ಕೆ ಅಪವಾದ ಎಂಬ ವಿಧಿಯಿದೆ. ಇದೇ ಜಾಡಿನಲ್ಲಿ ಬಂದ 1901ರ ಮುಂಬಯಿ ಜಿಲ್ಲಾ ಪೌರಶಾಸನವು ಆಗ ಆ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳ ಪೌರಸಭೆಗಳಿಗೂ ಅನ್ವಯಿಸುತ್ತಿದ್ದಿತು. ಟೆಂಬಿಯ ನಿವಾಸಿಗೆ ಹಕ್ಕಿಲ್ಲವೆಂದು 1908ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶರು ತೀರ್ಪು ಕೊಡುವುದಕ್ಕೆ ಇಪ್ಪತ್ತು ವರ್ಷ ಮೊದಲೇ ಅವರ ಆಳ್ವಿಕೆಗೊಳಪಟ್ಟ ಮುಂಬಯಿಯ ನಿವಾಸಿಗೆ ಆ ಹಕ್ಕು ಶಾಸನದ ಮೂಲಕ ಬಂದಿದ್ದಿತು. ಮಾದರಿಯನ್ನು ಯಾವಾಗಲೂ ದೊರೆಯ ದೇಶದಲ್ಲಿಯೇ ಹುಡುಕುವ ಅಭ್ಯಾಸಕ್ಕೆ ಈ ಒಂದು ಸಂಗತಿಯು ಸಾಕಷ್ಟು ಎಚ್ಚರಿಕೆ. ಆದರೆ ಬರಹದಲ್ಲಿ ಹಕ್ಕಿದ್ದಮಾತ್ರಕ್ಕೆ ಗ್ಯಾಲರಿಯು ತುಂಬುವುದಿಲ್ಲವೆಂಬುದನ್ನೂ ಒಪ್ಪಬೇಕು.

ಸ್ವಾತಂತ್ರ್ಯಾನಂತರ ಈ ಪ್ರಶ್ನೆಯು ನಮ್ಮಲ್ಲಿ ಬೇರೊಂದು ದಿಕ್ಕಿನಿಂದ ಮೇಲೆ ಬಂದಿತು. ರಾಜಸ್ಥಾನದ ಹಳ್ಳಿಗಳಲ್ಲಿ ಮಜದೂರ್ ಕಿಸಾನ್ ಶಕ್ತಿ ಸಂಘಟನವು 1994ರಿಂದ ಜನಸುನವಾಯಿಗಳನ್ನು, ಎಂದರೆ ಸಾರ್ವಜನಿಕ ವಿಚಾರಣೆಗಳನ್ನು, ಏರ್ಪಡಿಸಿತು. ಕಾಮಗಾರಿಗಳ ಹಾಜರಿ ಪಟ್ಟಿ, ಬಿಲ್ಲು, ರಸೀದಿಗಳನ್ನು ಅಲ್ಲಿ ಗಟ್ಟಿಯಾಗಿ ಓದಲಾಯಿತು. ಅಕ್ಷರ ಬಾರದ ಕೂಲಿಯವನು ತಾನು ಕೆಲಸ ಮಾಡದ ದಿನ ತನ್ನ ಹೆಸರಿನಲ್ಲಿ ಕೂಲಿ ಬರೆದಿರುವುದನ್ನು ಕೇಳಿ ಎದ್ದುನಿಂತು ಸಾಕ್ಷ್ಯ ಹೇಳಲು ಇದರಿಂದ ಸಾಧ್ಯವಾಯಿತು. ಲೆಕ್ಕದ ಪ್ರತಿಗಾಗಿ 1996ರಲ್ಲಿ ಬ್ಯಾವರಿನಲ್ಲಿ 40 ದಿನಗಳ ಧರಣಿ ನಡೆಯಿತು. ಇಂಗ್ಲೆಂಡಿನಲ್ಲಿ ಪತ್ರಿಕೆಯವರಿಂದ ಮೊದಲಾದ ಬೇಡಿಕೆಯು ಇಲ್ಲಿ ಕೂಲಿಕಾರರಿಂದ ಮೊದಲಾಯಿತು. ಅಲ್ಲಿ ಬಾಗಿಲಿನ ನಂತರ ಬಂದ ಕಾಗದವು ಇಲ್ಲಿ ಮೊದಲೇ ಬಂದಿತು.

ಕರ್ನಾಟಕವು 2000ದಲ್ಲಿಯೇ ಮಾಹಿತಿ ಹಕ್ಕಿನ ಶಾಸನವನ್ನು ಮಾಡಿದ ರಾಜ್ಯಗಳಲ್ಲಿ ಒಂದು. 2005ರ ಕೇಂದ್ರ ಶಾಸನದ ನಾಲ್ಕನೆಯ ಪ್ರಕರಣದಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಉಪಖಂಡವೊಂದಿದೆ. ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತನ್ನ ಮಂಡಲಿ, ಪರಿಷತ್ತು, ಸಮಿತಿಗಳ ವಿವರವನ್ನು ಪ್ರಕಟಿಸಿ, ಅವುಗಳ ಸಭೆಗಳು ಸಾರ್ವಜನಿಕರಿಗೆ ತೆರೆದಿವೆಯೆ, ನಡವಳಿಗಳು ನೋಡಲು ದೊರೆಯುತ್ತವೆಯೆ ಎಂಬುದನ್ನು ತಿಳಿಸಬೇಕೆಂದು ಅದು ವಿಧಿಸುತ್ತದೆ. ಈ ವಾಕ್ಯವನ್ನು ಎಚ್ಚರಿಕೆಯಿಂದ ಓದಬೇಕು. ಸಭೆ ತೆರೆದಿರಬೇಕೆಂದು ಅದು ಹೇಳುವುದಿಲ್ಲ. ತೆರೆದಿದೆಯೋ ಇಲ್ಲವೋ ಎಂದು ತಿಳಿಸಬೇಕೆಂದಷ್ಟೇ ಹೇಳುತ್ತದೆ. ಸಭೆಗೆ ಮೊದಲೇ ಕಾರ್ಯಸೂಚಿಯನ್ನೂ ವರದಿಯನ್ನೂ ಮುಂದಿಡಬೇಕೆಂಬ ಮಾತು ಆ ಉಪಖಂಡದಲ್ಲಿಲ್ಲ. ಅರ್ಜಿ ಕೊಟ್ಟವನಿಗೆ ಉತ್ತರ ಕೊಡಲು ಶಾಸನವು ಸಾಮಾನ್ಯವಾಗಿ 30 ದಿನಗಳ ಅವಧಿಯನ್ನು ಕೊಡುತ್ತದೆ. ಮುಂದಿನ ವಾರದ ಸಭೆಯ ಕಾಗದವನ್ನು ಕೇಳಿದವನಿಗೆ ಅದು ಕೈಸೇರುವ ವೇಳೆಗೆ ಸಭೆಯೇ ಮುಗಿದಿರಬಹುದು. 1835ರ ನಡವಳಿ ಪುಸ್ತಕದ ಓದುಗನ ಸ್ಥಿತಿಗೂ ಇವನ ಸ್ಥಿತಿಗೂ ಈ ಒಂದು ವಿಷಯದಲ್ಲಿ ಹೆಚ್ಚು ಅಂತರವಿಲ್ಲ.

ಗ್ರಾಮಸಭೆಯ ತತ್ತ್ವವು ಇದಕ್ಕಿಂತ ಮುಂದೆ ಹೋಗಿದೆಯೆಂಬುದನ್ನು ಇಲ್ಲಿ ಸೂಚಿಸಬೇಕು. ಸಂವಿಧಾನದ 73ನೆಯ ತಿದ್ದುಪಡಿಯ ಮೂಲಕ 1993ರಲ್ಲಿ ನೆಲೆಗೊಂಡ ಈ ಸಭೆಯಲ್ಲಿ ಊರಿನ ಮತದಾರನು ಗ್ಯಾಲರಿಯಲ್ಲಿ ಕುಳಿತ ಪ್ರೇಕ್ಷಕನಾಗಿರದೆ ಸಭೆಯ ಸದಸ್ಯನೇ ಆಗಿದ್ದಾನೆ. ಸದಸ್ಯನಾದವನಿಗೆ ಕಾಗದವನ್ನು ಮುಂಚಿತವಾಗಿ ಕೊಡಬೇಕಾದುದು ಉಪಕಾರವಲ್ಲ. ಸಭೆಯೆಂಬ ಮಾತಿನ ಅರ್ಥದಲ್ಲಿಯೇ ಅದು ಅಡಗಿದೆ.

9

ಮೇಲಿನ ಪರ್ಯಾಲೋಚನೆಯಿಂದ ಫಲಿಸುವ ಅಂಶಗಳನ್ನು ಕೊನೆಯಲ್ಲಿ ಸಂಗ್ರಹಿಸಬಹುದು. ಸಾರ್ವಜನಿಕ ಪ್ರವೇಶದ ಹಕ್ಕು ಒಂದೇ ದಿನ ಒಂದೇ ಶಾಸನದಿಂದ ಬಂದುದಲ್ಲ. ಆದ ನಿರ್ಣಯ, ನಡೆಯುವ ಸಭೆ, ಮುಂಬರುವ ಸಭೆಯ ವರದಿ, ವರದಿಯ ಆಧಾರ ಎಂಬ ನಾಲ್ಕು ಮೆಟ್ಟಿಲುಗಳನ್ನು ಹತ್ತಲು ಇಂಗ್ಲೆಂಡಿಗೆ 150 ವರ್ಷಗಳು ಬೇಕಾದುವು. ಈ ಮೆಟ್ಟಿಲುಗಳಲ್ಲಿ ಕೆಲವನ್ನು ಕಟ್ಟಿಸಿದುದು ಒಂದು ಕ್ಷುಲ್ಲಕ ಜಗಳ, ಒಂದು ಮುಷ್ಕರ, ಹೊಸ ಸದಸ್ಯೆಯೊಬ್ಬರಿಗೆ ಬಂದ ಚೀಟಿಯ ಅದೃಷ್ಟ. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ನಿರ್ಣಯವು ಪಕ್ಕದ ಕೋಣೆಗೆ ಸರಿಯಿತು, ಕಾನೂನು ಅದನ್ನು ಹಿಂಬಾಲಿಸಿತು.

ಇತಿಹಾಸದ ವಿದ್ಯಾರ್ಥಿಗೆ ಇದರಲ್ಲಿ ವೃತ್ತಿಸಂಬಂಧವಾದ ಒಂದು ಪಾಠವೂ ಉಂಟು. ಆರು ವರ್ಷ, ನಾಲ್ಕು ವರ್ಷ ಎಂಬ ಅವಧಿಗಳು ನಾಗರಿಕನಿಗೆ ಸಾಕಾಗಬಹುದು, ಇತಿಹಾಸಕಾರನಿಗೆ ಸಾಲವು. ನೋಡುವ ಹಕ್ಕು ಕಾಪಾಡುವ ಕರ್ತವ್ಯಕ್ಕೆ ಸಮಾನವಲ್ಲ. ನಮ್ಮ ಪುರಸಭೆ, ಪಂಚಾಯಿತಿಗಳ ಹಳೆಯ ನಡವಳಿ ಪುಸ್ತಕಗಳು ಒಂದು ಊರಿನ ನೀರು, ಬೀದಿ, ಸಂತೆ, ಶಾಲೆಗಳ ಚರಿತ್ರೆಗೆ ಬೇರೆಲ್ಲಿಯೂ ಸಿಗದ ಆಕರಗಳು. ಕಾಲೇಜಿನ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳನ್ನು ಒಂದು ದಿನ ಊರಿನ ಪುರಸಭೆಯ ಸಾಮಾನ್ಯ ಸಭೆಗೆ ಕರೆದುಕೊಂಡು ಹೋಗಿ, ಅದರ ಕಾರ್ಯಸೂಚಿಯನ್ನೂ ಹಿಂದಿನ ನಡವಳಿಯನ್ನೂ ಕೇಳಿ ಪಡೆದು ಓದಿಸಿದರೆ, ಎರಡು ಕೆಲಸಗಳು ಒಟ್ಟಿಗೆ ಆಗುತ್ತವೆ. ವಿದ್ಯಾರ್ಥಿಗೆ ಆಕರವನ್ನು ಓದುವ ಅಭ್ಯಾಸವಾಗುತ್ತದೆ. ಕೇಳುವವರಿದ್ದಾರೆಂಬುದು ಕಚೇರಿಗೂ ತಿಳಿಯುತ್ತದೆ. ಟೆಂಬಿಯ ಸಂಪಾದಕರು ಮೊಕದ್ದಮೆಯಲ್ಲಿ ಸೋತರೂ, ಮುಂದಿನ ಶಾಸನಗಳೆಲ್ಲವೂ ಅವರು ಕೇಳಿದ ಪ್ರಶ್ನೆಯಿಂದಲೇ ಹೊರಟುವು.